ಫೋಟೊದಲ್ಲಿ ವಾಲಿದ ಕೆರೆ ಏರಿ: ಒಂದು ಡ್ರೋನ್ ಬಿದ್ದ ಪ್ರಕರಣ

ಸಂಡೂರು ತಾಲ್ಲೂಕಿನ ಒಂದು ಕೆರೆ. ಏಪ್ರಿಲ್ ತಿಂಗಳು, ನೀರು ಬತ್ತಿ ಅಂಗಳ ಬಿರುಕು ಬಿಟ್ಟಿತ್ತು. ಮಳೆಗಾಲಕ್ಕೆ ಮೊದಲು ಹೂಳೆತ್ತಬೇಕು, ಅದಕ್ಕೆ ಮುಂಚೆ ಎಷ್ಟು ಘನಮೀಟರ್ ಹೂಳಿದೆ ಎಂದು ಲೆಕ್ಕ ಕೊಡಬೇಕು. ಅದು ನಮಗೆ ಸಿಕ್ಕ ಕೆಲಸ. ನಾವು ಮೂವರು: ಡ್ರೋನ್ ಹಾರಿಸುವ ಹುಡುಗ, ಲ್ಯಾಪ್‌ಟಾಪಿನ ಮುಂದೆ ಕೂರುವ ಹುಡುಗಿ, ಸರ್ವೆಯ ಹೊಣೆ ಹೊತ್ತ ನಾನು. ಆರು ಮೋಟಾರಿನ ಹೆಕ್ಸಾಕಾಪ್ಟರ್, ಕ್ಯಾಮೆರಾ ಮತ್ತು ಬ್ಯಾಟರಿ ಸೇರಿ 5 ಕಿಲೋ ಮೀರುತ್ತದೆ. ಒಳಗೆ ಹಾರಾಟ ನಡೆಸುವ ಆರ್ಡುಪೈಲಟ್ ತಂತ್ರಾಂಶ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಡ್ರೋನ್ ಹಾರಿಸಬಹುದಾದ ಹಸಿರು ವಲಯ ಎಂದು ಖಚಿತಪಡಿಸಿಕೊಂಡು, 60 ಮೀಟರ್ ಎತ್ತರದಲ್ಲಿ ಪೂರ್ವ–ಪಶ್ಚಿಮವಾಗಿ, ಕೆರೆ ಏರಿಗೆ ಸಮಾನಾಂತರವಾಗಿ ಸಾಲು ಹಾಕಿದ್ದೆವು.

ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಡ್ರೋನ್ ಎದ್ದಿತು. ಅರ್ಧ ನಿಮಿಷ ನಿಂತಲ್ಲೇ ನಿಲ್ಲಿಸಿ ನೋಡಿದೆವು, ಗೂಟ ಹೊಡೆದ ಹಾಗೆ ನಿಂತಿತ್ತು. ಉಪಗ್ರಹಗಳು 17, ಎಚ್‌ಡಾಪ್ (ಸ್ಥಾನದ ಅನಿಶ್ಚಿತತೆಯ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 0.7. ಇದಕ್ಕಿಂತ ಒಳ್ಳೆಯ ಜಿಪಿಎಸ್ ನಾವು ಕೇಳುವಂತಿರಲಿಲ್ಲ. ಆಟೋ ಹಾಕಿದ ಮೇಲೆ, ಅಂದರೆ ಗುರುತಿಸಿಟ್ಟ ಸಾಲುಗಳಲ್ಲಿ ತಾನಾಗಿ ಹಾರು ಎಂದ ಮೇಲೆ, ಮೊದಲ ಸಾಲಿನಲ್ಲಿ ಪೂರ್ವಕ್ಕೆ ಹೊರಟಿತು. ಪಕ್ಕದಲ್ಲಿ ನಿಂತಿದ್ದ ಕೆರೆಯ ನೀರುಗಂಟಿ ಅಜ್ಜ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಯಾಕ್ರಿ ಸರ, ಏಡಿ ಹೋದಂಗ ಓರೆ ಹೊಂಟೈತಿ?" ಎಂದ. ನಾನು ಗಾಳಿಯಿರಬೇಕು ಅಂದೆ. ಆ ಮಾತನ್ನು ನಾನು ಅಷ್ಟಕ್ಕೇ ಬಿಟ್ಟದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ, ಯಾಕೆಂದರೆ ಅವತ್ತು ಸರಿಯಾಗಿ ನೋಡಿದವನು ಅವನೊಬ್ಬನೇ.

ಎರಡನೆಯ ಸಾಲಿನಲ್ಲಿ ಪಶ್ಚಿಮಕ್ಕೆ ಬಂದು ಮೂರನೆಯದಕ್ಕೆ ಮತ್ತೆ ಪೂರ್ವಕ್ಕೆ ತಿರುಗಿತು. ಅಷ್ಟು ಹೊತ್ತಿಗೆ ಗಾಳಿ ನಿಜವಾಗಿಯೂ ಎದ್ದಿತ್ತು. ಓರೆ ನಡಿಗೆ ಈಗ ಎಲ್ಲರಿಗೂ ಕಾಣುತ್ತಿತ್ತು. ಹುಡುಗ ಆಟೋ ಬಿಟ್ಟು ಲಾಯ್ಟರ್‌ಗೆ ಹಾಕಿದ. ನಿಂತಲ್ಲಿ ನಿಲ್ಲಬೇಕಾದ ಡ್ರೋನ್ ಸುತ್ತತೊಡಗಿತು. ಮೊದಲು ಮೂರು ಮೀಟರಿನ ಸುತ್ತು, ಆಮೇಲೆ ಆರು, ಆಮೇಲೆ ಹತ್ತು. ಗಾಬರಿಯಲ್ಲಿ ಆರ್‌ಟಿಎಲ್ ಒತ್ತಿದ, ಅಂದರೆ ಮನೆಗೆ ಬಾ ಎಂಬ ಅಪ್ಪಣೆ. ಅದು ಮನೆ ಬಿಟ್ಟು ಬೇರೆ ಕಡೆಗೇ ಜೋರಾಗಿ ಓಡಿತು. ಲ್ಯಾಪ್‌ಟಾಪಿನಲ್ಲಿ ಇಕೆಎಫ್ ಎಚ್ಚರಿಕೆ, ಅಂದರೆ ಸ್ಥಾನ ಮತ್ತು ದಿಕ್ಕಿನ ಲೆಕ್ಕ ತಾಳೆಯಾಗುತ್ತಿಲ್ಲ ಎಂಬ ಸಂದೇಶ, ಬಂದು ಯಂತ್ರ ತಾನಾಗಿ ಕೆಳಗಿಳಿಯುವ ಲ್ಯಾಂಡ್‌ಗೆ ಬದಲಾಯಿತು. ಹುಡುಗ ಎತ್ತರವನ್ನು ಮಾತ್ರ ಕಾಯುವ ಆಲ್ಟ್‌ಹೋಲ್ಡ್ ಹಾಕಿ ಕೈಯಿಂದ ಹಾರಿಸಲು ನೋಡಿದ. ಆದರೆ ಅದು 180 ಮೀಟರ್ ದೂರದಲ್ಲಿತ್ತು, ಮೂತಿ ಯಾವುದು ಬಾಲ ಯಾವುದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ನಕ್ಷೆಯ ಮೇಲಿನ ಬಾಣ ನೋಡಿ ಕಡ್ಡಿ ತಳ್ಳಿದ. ಡ್ರೋನ್ ಅವನು ಬಯಸಿದ ಕಡೆ ಬರಲೇ ಇಲ್ಲ. ಕೆರೆಯ ಹಿಂಗಡೆಯ ಬಳ್ಳಾರಿ ಜಾಲಿಯ ಪೊದೆಯೊಳಗೆ ಬಿತ್ತು. ಒಂದು ತೋಳು, ನಾಲ್ಕು ಪ್ರೊಪೆಲರ್, ಕ್ಯಾಮೆರಾದ ಹಿಡಿಕೆ ಮುರಿದವು. ಮುಳ್ಳಿನ ನಡುವೆ ಕೈ ಹಾಕಿ ಮೆಮೊರಿ ಕಾರ್ಡುಗಳನ್ನು ಕಿತ್ತುಕೊಂಡೆವು. ಅವು ಉಳಿದದ್ದರಿಂದಲೇ ಈ ಬರಹ ಸಾಧ್ಯವಾಯಿತು.

ಅವತ್ತು ಸಂಜೆಯೊಳಗೆ ನಾಲ್ಕು ಕಾರಣಗಳು ನಮ್ಮ ಮುಂದಿದ್ದವು. ಜಿಪಿಎಸ್ ಕೈಕೊಟ್ಟಿದೆ ಎಂದ ಹುಡುಗ. ಸೂರ್ಯನ ಬಿರುಗಾಳಿ ಇರಬಹುದು ಎಂದಳು ಹುಡುಗಿ. ಇದು ಅದಿರಿನ ನೆಲ, ಇಲ್ಲಿ ಕಂಪಾಸ್, ಅಂದರೆ ದಿಕ್ಸೂಚಿ, ನಿಲ್ಲುವುದಿಲ್ಲ ಎಂದರು ಊರಿನವರು. ನನಗೂ ಅದೇ ಸರಿ ಅನ್ನಿಸಿತು. ಸಂಡೂರಿನ ಗುಡ್ಡಗಳನ್ನು ನೋಡಿದ ಯಾರಿಗಾದರೂ ಹಾಗೆ ಅನ್ನಿಸದೆ ಇರದು, ಮಣ್ಣೇ ಕಬ್ಬಿಣದ ಬಣ್ಣದ್ದು. ನಾಲ್ಕನೆಯದು, ಕ್ಯಾಮೆರಾದ ಹಿಡಿಕೆ ಮೊದಲೇ ಸೊಟ್ಟಗಿದ್ದು ನಾವು ಓರೆ ನಡಿಗೆಯನ್ನು ತಪ್ಪಾಗಿ ಕಂಡಿದ್ದೇವೆ ಎಂಬುದು.

ಜಿಪಿಎಸ್ ಮಾತನ್ನು ಲಾಗ್, ಅಂದರೆ ಡ್ರೋನ್ ತಾನೇ ಬರೆದಿಡುವ ಹಾರಾಟದ ದಾಖಲೆ, ಹತ್ತು ನಿಮಿಷದಲ್ಲಿ ತಳ್ಳಿಹಾಕಿತು. ಬೀಳುವವರೆಗೂ ಉಪಗ್ರಹಗಳು 16ಕ್ಕಿಂತ ಕೆಳಗಿಳಿದಿಲ್ಲ, ಎಚ್‌ಡಾಪ್ 0.8 ದಾಟಿಲ್ಲ, ಸ್ಥಾನದಲ್ಲಿ ಒಂದೇ ಒಂದು ಜಿಗಿತವಿಲ್ಲ. ಜಿಪಿಎಸ್ ಕೆಡುವುದೇ ಇಲ್ಲವೆಂದಲ್ಲ. 20,200 ಕಿಲೋಮೀಟರ್ ಮೇಲಿನಿಂದ ಬರುವ ಸಂಕೇತ ನೆಲ ಮುಟ್ಟುವಾಗ ತೀರಾ ಕ್ಷೀಣ. ಹತ್ತಿರದಲ್ಲಿ ಒಂದು ಕೆಟ್ಟ ಯುಎಸ್‌ಬಿ ಕೇಬಲ್ ಇದ್ದರೂ ಅದರ ಗದ್ದಲದಲ್ಲಿ ಮುಳುಗಿಹೋಗಬಹುದು. ಎತ್ತರದ ಕಟ್ಟಡದ ಪಕ್ಕದಲ್ಲಿ ಪ್ರತಿಫಲಿಸಿ ಬಂದ ಸಂಕೇತ ಸ್ಥಾನವನ್ನು ಹಲವು ಮೀಟರ್ ಎಳೆದಾಡುತ್ತದೆ. ಆದರೆ ಬಯಲು ಕೆರೆಯ ಮೇಲೆ ಅವತ್ತು ಹಾಗೇನೂ ಆಗಿರಲಿಲ್ಲ.

ಸೂರ್ಯನ ಬಿರುಗಾಳಿಯ ಮಾತಿಗೂ ಒಂದು ನ್ಯಾಯ ಸಲ್ಲಬೇಕು. ಕಾಂತೀಯ ಸಮಭಾಜಕ ರೇಖೆ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಹಾಗಾಗಿ ಕರ್ನಾಟಕದ ಆಕಾಶದಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳದಲ್ಲಿ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರದಲ್ಲಿ) ಗುಳ್ಳೆಗಳೆದ್ದು ಜಿಪಿಎಸ್ ಸಂಕೇತ ಮಿನುಗುವುದುಂಟು, ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೂ ಹೆಚ್ಚು. ಸಂಜೆ ಏಳರ ಮೇಲೆ ಸರ್ವೆ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಮ್ಮದು ಬೆಳಗಿನ ಹಾರಾಟ. ಇನ್ನು ಕಂಪಾಸಿನ ವಿಷಯ: 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಗುವಷ್ಟು ದೊಡ್ಡ ಕಾಂತೀಯ ಬಿರುಗಾಳಿ ಬಂದಾಗ ಸಮಭಾಜಕದ ಸುತ್ತಲಿನ ಕ್ಷೇತ್ರ ಕುಸಿದದ್ದು ಸುಮಾರು 400 ನ್ಯಾನೊಟೆಸ್ಲಾ. ನಮ್ಮಲ್ಲಿ ಭೂಮಿಯ ಅಡ್ಡ ಕಾಂತಕ್ಷೇತ್ರ (ಒಟ್ಟು ಕ್ಷೇತ್ರದಲ್ಲಿ ನೆಲಕ್ಕೆ ಸಮಾನಾಂತರವಾದ, ದಿಕ್ಕು ತೋರಿಸುವ ಭಾಗ) ಸುಮಾರು 40,000 ನ್ಯಾನೊಟೆಸ್ಲಾ, ಅಂದರೆ 40 ಮೈಕ್ರೊಟೆಸ್ಲಾ. ನೂರಕ್ಕೆ ಒಂದು. ಅಷ್ಟರಿಂದ ಮೂತಿ ಅರ್ಧ ಡಿಗ್ರಿ ಸರಿದರೆ ಹೆಚ್ಚು.

ಆಮೇಲೆ ಫೋಟೊಗಳನ್ನು ತೆರೆದೆವು. ಸಾಲುಗಳು ಏರಿಗೆ ಸಮಾನಾಂತರ, ಹಾಗಾಗಿ ಪ್ರತಿ ಫೋಟೊದಲ್ಲಿ ಏರಿ ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಕಾಣಬೇಕು. ಮೊದಲ ಸಾಲಿನ ಫೋಟೊಗಳಲ್ಲಿ ಅದು ಎಡಕ್ಕೆ ವಾಲಿತ್ತು. ಮಗಳ ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತಂದು ಪರದೆಯ ಮೇಲೆ ಇಟ್ಟು ಅಳೆದೆ: 38, 40, 39 ಡಿಗ್ರಿ. ಹಿಡಿಕೆ ಸೊಟ್ಟಗಿದ್ದದ್ದೇ ಕಾರಣ ಎಂದು ಒಂದು ಕ್ಷಣ ನೆಮ್ಮದಿಯಾಯಿತು. ಎರಡನೆಯ ಸಾಲಿನ ಫೋಟೊ ತೆರೆದರೆ ಏರಿ ಬಲಕ್ಕೆ ವಾಲಿದೆ, ಅಷ್ಟೇ ಡಿಗ್ರಿ. ಹಿಡಿಕೆ ಸೊಟ್ಟಗಿದ್ದರೆ ಎರಡೂ ಸಾಲಿನಲ್ಲಿ ಒಂದೇ ಕಡೆಗೆ ವಾಲಬೇಕಿತ್ತು. ಹೀಗೆ ಆಚೀಚೆ ವಾಲಿದೆ ಎಂದರೆ ಡ್ರೋನೇ ತಿರುಗಿತ್ತು. ಪೂರ್ವಕ್ಕೆ ಮುಖ ಮಾಡಿದ್ದೇನೆ ಎಂದು ಅದು ನಂಬಿದ್ದಾಗ ಅದರ ಮೂತಿ ಆಗ್ನೇಯಕ್ಕಿತ್ತು, ಪಶ್ಚಿಮಕ್ಕೆ ಎಂದು ನಂಬಿದ್ದಾಗ ನೈಋತ್ಯಕ್ಕಿತ್ತು. ಎರಡು ಸಲವೂ ದಕ್ಷಿಣದ ಕಡೆಗೇ ಜಾರಿತ್ತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದದ್ದಿದೆ. ಜಿಪಿಎಸ್ ಹೇಳುವುದು ನೀನು ಎಲ್ಲಿದ್ದೀಯ ಎಂದು. ನಿಂತಲ್ಲೇ ನಿಂತ ಡ್ರೋನಿಗೆ ನಿನ್ನ ಮೂತಿ ಎತ್ತ ಇದೆ ಎಂದು ಒಂದೇ ಆಂಟೆನಾದ ಜಿಪಿಎಸ್ ಹೇಳಲಾರದು, ಅದು ಕಂಪಾಸಿನ ಕೆಲಸ. ಗಾಳಿ ಡ್ರೋನನ್ನು ಎರಡು ಮೀಟರ್ ದಕ್ಷಿಣಕ್ಕೆ ತಳ್ಳಿತು ಅನ್ನಿ. ಉತ್ತರಕ್ಕೆ ಎರಡು ಮೀಟರ್ ಹೋಗು ಎಂದು ಜಿಪಿಎಸ್ ನಿಖರವಾಗಿ ತಿಳಿಸುತ್ತದೆ. ಉತ್ತರ ಎಲ್ಲಿ ಎಂಬುದೇ 40 ಡಿಗ್ರಿ ತಪ್ಪಿದ್ದರೆ ಡ್ರೋನ್ ಉತ್ತರದ ಬದಲು ಓರೆಯಾಗಿ ಹೋಗುತ್ತದೆ. ತಲುಪಿದ್ದು ಬೇರೆ ಜಾಗ ಎಂದು ಜಿಪಿಎಸ್ ಮತ್ತೆ ತಿದ್ದುತ್ತದೆ, ಆ ತಿದ್ದುಪಡಿಯೂ ಓರೆಯಾಗುತ್ತದೆ. ಹೀಗೆ ಓರೆಯ ಮೇಲೆ ಓರೆ ಸೇರಿ ಸುತ್ತು ಹುಟ್ಟುತ್ತದೆ. ಡ್ರೋನಿನವರು ಇದನ್ನು ಟಾಯ್ಲೆಟ್ ಬೌಲ್ ಎನ್ನುತ್ತಾರೆ, ನೀರು ಸುಳಿಯಾಗಿ ತಿರುಗುವ ಹಾಗೆ. ತಪ್ಪು ಸಣ್ಣದಾಗಿದ್ದರೆ ಸುತ್ತು ಕುಗ್ಗುತ್ತ ನಿಲ್ಲುತ್ತದೆ, ದೊಡ್ಡದಾದರೆ ಹಿಗ್ಗುತ್ತ ಹೋಗುತ್ತದೆ, 90 ಡಿಗ್ರಿ ದಾಟಿದರೆ ತಿದ್ದಿದಷ್ಟೂ ದೂರವೇ ಓಡುತ್ತದೆ. ಜಿಪಿಎಸ್ ಪೂರಾ ಹೋದರೆ ಡ್ರೋನ್ ಗಾಳಿಗೆ ತೇಲುತ್ತದೆ, ಅಷ್ಟೇ. ಒಳ್ಳೆಯ ಜಿಪಿಎಸ್‌ಗೆ ಕೆಟ್ಟ ಕಂಪಾಸ್ ಜೊತೆಯಾದಾಗ ಯಂತ್ರ ಪೂರ್ತಿ ಶಕ್ತಿ ಹಾಕಿ ತಪ್ಪು ದಿಕ್ಕಿಗೆ ನುಗ್ಗುತ್ತದೆ. ನಾವು ಪರದೆಯಲ್ಲಿ 17 ಉಪಗ್ರಹ ನೋಡಿ ಧೈರ್ಯ ತಂದುಕೊಂಡಿದ್ದೆವು. ಆ ಸಂಖ್ಯೆಗೂ ನಮ್ಮ ಅಪಾಯಕ್ಕೂ ಸಂಬಂಧವೇ ಇರಲಿಲ್ಲ.

ಹುಡುಗನ ಕಷ್ಟವೂ ಆಗ ಅರ್ಥವಾಯಿತು. ನಕ್ಷೆಯ ಮೇಲಿನ ಬಾಣ ಅದೇ ಕಂಪಾಸ್ ಹೇಳಿದ್ದನ್ನು ತೋರಿಸುತ್ತದೆ. ಸುಳ್ಳು ಹೇಳುತ್ತಿದ್ದ ಸಾಕ್ಷಿಯನ್ನೇ ಅವನು ದಾರಿ ಕೇಳಿದ್ದ. ಕೈಯಿಂದ ಹಾರಿಸುವಾಗ ಕಡ್ಡಿಯನ್ನು ಸ್ವಲ್ಪ ತಳ್ಳಿ, ಡ್ರೋನಿನ ಜಾಗ ನಕ್ಷೆಯಲ್ಲಿ ಎತ್ತ ಸರಿಯಿತು ಎಂದು ನೋಡಿದ್ದರೆ ಮೂತಿ ಗೊತ್ತಾಗುತ್ತಿತ್ತು. ಆ ಗಾಬರಿಯಲ್ಲಿ ಅದು ಹೊಳೆಯುವುದು ಅಭ್ಯಾಸವಿದ್ದವರಿಗೆ ಮಾತ್ರ. ನಾವು ಅದನ್ನು ಅವನಿಗೆ ಕಲಿಸಿಯೇ ಇರಲಿಲ್ಲ.

ಇನ್ನು ಉಳಿದದ್ದು ನೆಲ. ಲಾಗಿನಲ್ಲಿ ಕಂಪಾಸಿನ ಮೂರು ಅಕ್ಷಗಳ ಅಳತೆ ಇರುತ್ತದೆ, ಅವುಗಳಿಂದ ಒಟ್ಟು ಕ್ಷೇತ್ರದ ಬಲ ಲೆಕ್ಕ ಹಾಕಬಹುದು. ಡ್ರೋನ್ ಎತ್ತ ತಿರುಗಿದರೂ ಈ ಬಲ ಬದಲಾಗಬಾರದು, ಭೂಮಿ ಒಂದೇ ತಾನೆ. ಮೋಟಾರ್ ತಿರುಗದೆ ಏರಿಯ ಮೇಲೆ ಕೂತಿದ್ದಾಗ 42 ಮೈಕ್ರೊಟೆಸ್ಲಾ. ಆ ಊರಿಗೆ ಇರಬೇಕಾದಷ್ಟೇ ಇತ್ತು. ಉತ್ತರಕ್ಕೆ ಮುಖ ಮಾಡಿ ಎದ್ದ ಕೂಡಲೇ 66. ಪೂರ್ವದ ಸಾಲಿನಲ್ಲಿ 34. ಪಕ್ಕದಲ್ಲೇ ಬ್ಯಾಟರಿ ಕರೆಂಟಿನ ಗೆರೆ ಎಳೆದು ನೋಡಿದೆವು. ಕರೆಂಟ್ ಬದಲಾದಾಗಲೆಲ್ಲ ಕ್ಷೇತ್ರದ ಬಲವೂ ಅದೇ ಕ್ಷಣ ಬದಲಾಗುತ್ತದೆ, ಒಂದಕ್ಕೊಂದು ದಾರ ಕಟ್ಟಿದ ಹಾಗೆ.

ನೆಲದ ಅದಿರು ಕಾರಣವಾಗಿದ್ದರೆ ಕೆಡುಕು ನೆಲದ ಹತ್ತಿರ ಹೆಚ್ಚಿದ್ದು, ಮೇಲೇರಿದಂತೆ ಕಡಿಮೆಯಾಗಬೇಕಿತ್ತು. ಇಲ್ಲಿ ನೆಲದಲ್ಲಿ ಏನೂ ಇಲ್ಲ, 60 ಮೀಟರ್ ಮೇಲೆ ಎಲ್ಲ ಇದೆ. ಇನ್ನೊಂದು ವಿಷಯ: ಸಂಡೂರಿನ ಅದಿರು ಬಹುಪಾಲು ಹೆಮಟೈಟ್, ಕಾಂತಗುಣ ಬಹಳ ಕಡಿಮೆ. ಕುದುರೆಮುಖದಲ್ಲಿ ತೆಗೆಯುತ್ತಿದ್ದದ್ದು ಮ್ಯಾಗ್ನಟೈಟ್, ಅದರ ಮಾತು ಬೇರೆ. ಕಬ್ಬಿಣ ಎಂದ ಮಾತ್ರಕ್ಕೆ ಕಂಪಾಸ್ ಕೆಡುತ್ತದೆ ಎಂಬ ನನ್ನ ನಂಬಿಕೆ ಅಲ್ಲಿಗೆ ಮುರಿಯಿತು.

ಕರೆಂಟ್ ಎಂದ ಮೇಲೆ ಹುಡುಕಲು ದೂರ ಹೋಗಬೇಕಾಗಲಿಲ್ಲ. ಎರಡು ವಾರದ ಹಿಂದೆ ಜೀಪಿನಲ್ಲಿ ಸಾಗಿಸುವಾಗ ಜಿಪಿಎಸ್ ಡಬ್ಬಿಯನ್ನು ಎತ್ತರದಲ್ಲಿ ಹಿಡಿಯುವ ಕಂಬ ಮುರಿದಿತ್ತು. ಕಂಪಾಸ್ ಇರುವುದೂ ಅದೇ ಡಬ್ಬಿಯಲ್ಲಿ. ಹೊಸ ಕಂಬ ಬರುವವರೆಗೆ ಇರಲಿ ಎಂದು ಡಬ್ಬಿಯನ್ನು ಮೇಲಿನ ಕಾರ್ಬನ್ ತಟ್ಟೆಗೆ ಎರಡು ಬದಿಯ ಟೇಪಿನಿಂದ ಅಂಟಿಸಿದ್ದೆವು. ಅದೇ ವಾರ ಉದ್ದದ ಬ್ಯಾಟರಿ ತಂದು, ಅದಕ್ಕೆ ಎಟುಕುವಂತೆ ದಪ್ಪ ತಂತಿಗಳ ದಾರಿ ಬದಲಿಸಿದ್ದೆವು. ಕೆಂಪು ತಂತಿ ತಟ್ಟೆಯ ಮೇಲೆ ಬಲದಿಂದ ಎಡಕ್ಕೆ, ಕಪ್ಪು ತಂತಿ ತಟ್ಟೆಯ ಕೆಳಗೆ. ನಡುವೆ ಒಂದೂಕಾಲು ಸೆಂಟಿಮೀಟರ್ ಅಂತರ. ಕೆಂಪು ತಂತಿಯಿಂದ ಐದು ಸೆಂಟಿಮೀಟರ್ ಮೇಲೆ ಕಂಪಾಸ್. ಈ ಎರಡೂ ಕೆಲಸ ನನ್ನ ಕೈಯಿಂದಲೇ ಆದದ್ದು.

ಲೆಕ್ಕ ಹಾಕಿದರೆ ಹೆದರಿಕೆಯಾಗುತ್ತದೆ. ಒಂಟಿ ತಂತಿಯಲ್ಲಿ 20 ಆಂಪಿಯರ್ ಹರಿದರೆ ಹತ್ತು ಸೆಂಟಿಮೀಟರ್ ದೂರದಲ್ಲಿ 40 ಮೈಕ್ರೊಟೆಸ್ಲಾ ಕ್ಷೇತ್ರ ಹುಟ್ಟುತ್ತದೆ. ಇಡೀ ಭೂಮಿ ನಮ್ಮ ಕೆರೆಯ ಮೇಲೆ ಕೊಡುವ ಅಡ್ಡ ಕ್ಷೇತ್ರ ಅಷ್ಟೇ! ಹೋಗುವ ತಂತಿ ಮತ್ತು ಮರಳುವ ತಂತಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಎರಡರ ಕ್ಷೇತ್ರಗಳು ಒಂದನ್ನೊಂದು ಅಳಿಸುತ್ತವೆ. ನಾವು ಬೇರ್ಪಡಿಸಿದ್ದರಿಂದ ಪೂರ್ತಿ ಅಳಿಯಲಿಲ್ಲ. ನಮ್ಮ ಅಳತೆಗಳನ್ನು ಇಟ್ಟು ನೋಡಿದರೆ 30 ಆಂಪಿಯರ್‌ಗೆ ಸುಮಾರು 25 ಮೈಕ್ರೊಟೆಸ್ಲಾ ಉಳಿಯುತ್ತದೆ, ಅದೂ ಮೂತಿಯ ಕಡೆಗೆ. ಅಷ್ಟು ಸೇರಿದರೆ ಪೂರ್ವ ಎಂದು ನಂಬಿದ ಡ್ರೋನ್ ನಿಜವಾಗಿ 39 ಡಿಗ್ರಿ ಬಲಕ್ಕೆ ತಿರುಗಿರಬೇಕು. ಫೋಟೊದ ಮೇಲೆ ಕೋನಮಾಪಕ ಹೇಳಿದ್ದೂ ಅದನ್ನೇ. ಗಾಳಿ ಎದ್ದು ಕರೆಂಟ್ 40 ಆದಾಗ ತಪ್ಪು 56 ಡಿಗ್ರಿ, ಅಲ್ಲಿಂದ ಸುತ್ತು. ಆರ್‌ಟಿಎಲ್ ಒತ್ತಿ ಯಂತ್ರ ನುಗ್ಗಿದಾಗ ಕರೆಂಟ್ 50 ದಾಟಿತು. ಆಗ ತಂತಿಯ ಕ್ಷೇತ್ರ ಭೂಮಿಯದ್ದನ್ನೇ ಮೀರುತ್ತದೆ.

ಲೆಕ್ಕವನ್ನು ಕಣ್ಣಿಂದ ನೋಡಬೇಕೆನ್ನಿಸಿತು. ಶೆಡ್ಡಿನ ಮರದ ಮೇಜಿನ ಮೇಲೆ ಮುರಿದ ಡ್ರೋನಿಟ್ಟು ಜಿಪಿಎಸ್ ಡಬ್ಬಿ ಕಿತ್ತು, ಅದರ ಜಾಗದಲ್ಲಿ ಅಷ್ಟೇ ಎತ್ತರಕ್ಕೆ ಒಂದು ಸಾದಾ ಸೂಜಿ ದಿಕ್ಸೂಚಿ ಇಟ್ಟೆವು. ಪ್ರೊಪೆಲರ್ ತಿರುಗಿಸುವ ಬದಲು ಕಾರಿನ ಹಳೆಯ ಹೆಡ್‌ಲೈಟ್ ಬಲ್ಬುಗಳನ್ನು, 12 ವೋಲ್ಟಿನ 55 ವಾಟ್‌ನವು, ಎರಡೆರಡು ಸೇರಿಸಿ ಆರು ಜೋಡಿ ಮಾಡಿ ಅದೇ ತಂತಿಗಳ ತುದಿಗೆ ಕಟ್ಟಿದೆವು. ಬಲ್ಬುಗಳು ಮಾತ್ರ ಶೆಡ್ಡಿನ ಆ ತುದಿಯಲ್ಲಿ. ಡ್ರೋನಿನ ಮೂತಿ ಉತ್ತರಕ್ಕಿಟ್ಟು ಬ್ಯಾಟರಿ ಚುಚ್ಚಿದಾಗ ಶೆಡ್ಡೆಲ್ಲ ಬೆಳಗಿತು, ಮೀಟರ್ 27 ಆಂಪಿಯರ್ ತೋರಿಸಿತು, ಸೂಜಿ ಅಲುಗಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು. ಬ್ಯಾಟರಿ ತೆಗೆದು ಮೂತಿಯನ್ನು ಪೂರ್ವಕ್ಕೆ ತಿರುಗಿಸಿ ಮತ್ತೆ ಚುಚ್ಚಿದೆವು. ಸೂಜಿ ಸರ್ರನೆ ಬಲಕ್ಕೆ ವಾಲಿ, ಸ್ವಲ್ಪ ತೂಗಿ, 29 ಡಿಗ್ರಿಯಲ್ಲಿ ನಿಂತಿತು. ತೆಗೆದರೆ ಮರಳಿ ಬಂತು. ಚುಚ್ಚಿದರೆ ಮತ್ತೆ ವಾಲಿತು. ತಂತಿ ಬದಲಿಸಿದ ಮೇಲೆ ಬೆಂಗಳೂರಿನ ಮೈದಾನದಲ್ಲಿ ಪರೀಕ್ಷೆ ಮಾಡಿದಾಗ ಯಾಕೆ ಏನೂ ಕಾಣಲಿಲ್ಲ ಎಂಬುದಕ್ಕೆ ಉತ್ತರ ಅಲ್ಲಿತ್ತು. ಅವತ್ತು ಚಿಕ್ಕ ಬ್ಯಾಟರಿ, ಕ್ಯಾಮೆರಾ ಇಲ್ಲ, ಕರೆಂಟ್ 18 ಆಂಪಿಯರ್, ಮತ್ತು ಹಾರಾಟದುದ್ದಕ್ಕೂ ಮೂತಿ ಉತ್ತರಕ್ಕಿತ್ತು. ತಂತಿಯ ಕ್ಷೇತ್ರ ಭೂಮಿಯ ಕ್ಷೇತ್ರದ ಜೊತೆ ಒಂದೇ ಗೆರೆಯಲ್ಲಿ ಕೂತು ತಪ್ಪನ್ನು ಮುಚ್ಚಿಟ್ಟಿತ್ತು.

ಕೊನೆಗೆ ಕೆರೆಯಿಂದ ತಂದಿದ್ದ ಮುಷ್ಟಿಗಾತ್ರದ ಅದಿರಿನ ಕಲ್ಲನ್ನು ಸೂಜಿಯ ಹತ್ತಿರ ಹಿಡಿದೆ. ಐದು ಸೆಂಟಿಮೀಟರ್ ಹತ್ತಿರಕ್ಕೆ ತಂದರೂ ಸೂಜಿ ಕದಲಲಿಲ್ಲ. ಬಲ್ಬುಗಳು ಉರಿಯುತ್ತಿದ್ದಂತೆಯೇ ಹುಡುಗ ಕಪ್ಪು ತಂತಿಯನ್ನು ತಟ್ಟೆಯ ಮೇಲಕ್ಕೆ ಎಳೆದು ಕೆಂಪು ತಂತಿಗೆ ಒತ್ತಿ ಹಿಡಿದ. ಸೂಜಿ ಮೆಲ್ಲನೆ ಉತ್ತರದ ಕಡೆಗೆ ಹಿಂದಿರುಗಿತು.

ಎಚ್ಚರಿಕೆ ಸಿಕ್ಕಿರಲಿಲ್ಲವೇ? ಸಿಕ್ಕಿತ್ತು. ಫ್ಲೈಟ್ ಕಂಟ್ರೋಲರ್ ಒಳಗೆ ಎರಡನೆಯ ಕಂಪಾಸ್ ಇದೆ. ಎರಡೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬ ಸಂದೇಶ ಹಿಂದಿನ ತಿಂಗಳು ಪದೇಪದೇ ಬಂದು ಡ್ರೋನ್ ಆರ್ಮ್ ಆಗದಿದ್ದಾಗ, ಅಂದರೆ ಮೋಟಾರ್ ಶುರುಮಾಡಲು ಒಪ್ಪದಿದ್ದಾಗ, ಕೆಲಸದ ಅವಸರದಲ್ಲಿ ಎರಡನೆಯದನ್ನು ಆಫ್ ಮಾಡಿದ್ದೆವು. ಆಗಿನ ಕಾರಣ ಬೇರೆ, ಹಿಡಿಕೆಯ ಒಂದು ಉಕ್ಕಿನ ಸ್ಕ್ರೂ. ಅದನ್ನು ಹುಡುಕಿ ತೆಗೆಯುವ ಬದಲು ತಕರಾರು ಹೇಳುವವನ ಬಾಯಿ ಮುಚ್ಚಿದೆವು. ಅದು ಆನ್ ಇದ್ದಿದ್ದರೆ ಈ ಹಾರಾಟದಲ್ಲಿ ಯಂತ್ರಕ್ಕೆ ಹೋಲಿಸಲು ಇನ್ನೊಂದು ಮಾತಾದರೂ ಇರುತ್ತಿತ್ತು. ನಮ್ಮ ತಂತ್ರಾಂಶವೂ ಹಳೆಯದು. ನಂತರದ ಆವೃತ್ತಿಗಳು ಜಿಪಿಎಸ್ ವೇಗದಿಂದ ಮೂತಿಯನ್ನು ಊಹಿಸಿ, ಕಂಪಾಸ್ ತೀರಾ ತಪ್ಪಿದಾಗ ಅದನ್ನು ಬದಿಗಿಟ್ಟು ಹಾರಬಲ್ಲವು. ಅಪ್‌ಡೇಟ್ ಮಾಡಲು ಬೇಕಿದ್ದದ್ದು ಅರ್ಧ ಗಂಟೆ.

ಕ್ಯಾಲಿಬ್ರೇಶನ್ ಮಾಡಿದ್ದೆವಲ್ಲ ಎಂದು ಹುಡುಗ ಬಹಳ ನೊಂದು ಕೇಳಿದ. ಮಾಡಿದ್ದೆವು, ಅದೇ ಬೆಳಿಗ್ಗೆ, ಕೆರೆಯ ಏರಿಯ ಮೇಲೆ, ಜೀಪಿನಿಂದ ದೂರ ನಿಂತು, ಡ್ರೋನನ್ನು ಕೈಯಲ್ಲಿ ಹಿಡಿದು ಆರು ಕಡೆಗೂ ತಿರುಗಿಸಿ. ಆದರೆ ಕೈಯಲ್ಲಿ ತಿರುಗಿಸುವಾಗ ಮೋಟಾರ್ ಓಡುವುದಿಲ್ಲ, ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಸ್ಕ್ರೂ, ಸ್ಪೀಕರ್, ಚೌಕಟ್ಟಿನ ಕಬ್ಬಿಣ ಇಂಥವನ್ನು ಆ ಕ್ಯಾಲಿಬ್ರೇಶನ್ ಕಂಡುಹಿಡಿದು ಸರಿಮಾಡುತ್ತದೆ. ಹಾರಿದ ಮೇಲೆ ಹುಟ್ಟುವ ಕ್ಷೇತ್ರ ಅದಕ್ಕೆ ಕಾಣುವುದೇ ಇಲ್ಲ. ಅದಕ್ಕೆ ಆರ್ಡುಪೈಲಟ್‌ನಲ್ಲಿ ಕಂಪಾಸ್‌ಮಾಟ್ ಎಂಬ ಬೇರೆಯೇ ಪರೀಕ್ಷೆ ಇದೆ. ಪ್ರೊಪೆಲರ್‌ಗಳನ್ನು ತಲೆಕೆಳಗಾಗಿ, ಒಂದು ಸ್ಥಾನ ಸರಿಸಿ ಹಾಕಿ ಡ್ರೋನನ್ನು ನೆಲಕ್ಕೆ ಬಿಗಿದು ಥ್ರಾಟಲ್ ಏರಿಸಬೇಕು. ಕೊನೆಗೆ ಶೇಕಡಾವಾರು ಸಂಖ್ಯೆಯೊಂದು ಬರುತ್ತದೆ: 30ರ ಒಳಗಿದ್ದರೆ ನಿರಾತಂಕ, 60 ದಾಟಿದರೆ ಹಾರಿಸಬಾರದು. ತೋಳು ರಿಪೇರಿಯಾದ ಮೇಲೆ ಹಳೆಯ ತಂತಿ ದಾರಿಯಲ್ಲೇ ಒಮ್ಮೆ ಬೇಕೆಂದೇ ಮಾಡಿ ನೋಡಿದೆವು. 88 ಬಂತು.

ಆಮೇಲೆ ಹೊಸ ಕಂಬ ಹಾಕಿದೆವು, 15 ಸೆಂಟಿಮೀಟರಿನದು. ಎರಡು ದಪ್ಪ ತಂತಿಗಳನ್ನು ಜಡೆ ಹೆಣೆದ ಹಾಗೆ ಸುತ್ತಿ ಕೆಳಗಿನ ತಟ್ಟೆಯ ಅಡಿಯಲ್ಲಿ ಹಾಯಿಸಿದೆವು. ಉಕ್ಕಿನ ಸ್ಕ್ರೂ ಬದಲು ನೈಲಾನ್. ಎರಡನೆಯ ಕಂಪಾಸ್ ಆನ್. ಕಂಪಾಸ್‌ಮಾಟ್ 7 ತೋರಿಸಿತು.

ಮೂರು ವಾರದ ನಂತರ ಅದೇ ಕೆರೆಗೆ ಹೋದೆವು. ಈಗ ನಮ್ಮ ಕ್ರಮ ಬೇರೆ. ಐದು ಮೀಟರ್ ಎತ್ತರದಲ್ಲಿ ನಿಲ್ಲಿಸಿ, ಮೂತಿಯನ್ನು ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮಕ್ಕೆ ಒಂದೊಂದು ಸಲ ತಿರುಗಿಸುತ್ತೇವೆ. ಹುಡುಗ ಕಣ್ಣಿಂದ ಡ್ರೋನ್ ನೋಡುತ್ತಾನೆ, ಹುಡುಗಿ ಕ್ಷೇತ್ರದ ಬಲದ ಅಂಕಿಯನ್ನು ಗಟ್ಟಿಯಾಗಿ ಓದುತ್ತಾಳೆ. ತೂಬಿನ ಕಾಂಕ್ರೀಟ್ ಹಾಸಿನ ಮೇಲಿಂದ ಏಳಿಸುವುದನ್ನೂ ಬಿಟ್ಟಿದ್ದೇವೆ, ಒಳಗಿನ ಕಬ್ಬಿಣದ ಸರಳು ಏಳುವ ಹೊತ್ತಿಗೆ ಮೂತಿಯನ್ನು ತಪ್ಪಿಸಬಹುದು. ಅವತ್ತು ಹುಡುಗಿ ಓದಿದ್ದು: 42, 43, 42, 41.

ನೀರುಗಂಟಿ ಅಜ್ಜ ಅದೇ ಜಾಗದಲ್ಲಿ ನಿಂತಿದ್ದ. ಈ ಸಲ ನಾನೇ ಹೋಗಿ ಪಕ್ಕದಲ್ಲಿ ನಿಂತು, "ಅಜ್ಜಾ, ಓರೆ ಹೊಂಟ್ರ ಹೇಳಬೇಕು" ಎಂದು ಕೇಳಿಕೊಂಡೆ. ಅವನು ಹದಿನಾಲ್ಕು ಸಾಲನ್ನೂ ಕೂರದೆ ನೋಡಿದ.